ಅಣ್ವಸ್ತ್ರಗಳ ಶೇಷದ್ರವ್ಯ: ರಷ್ಯಾ–ಅಮೆರಿಕಾ ಒಡಂಬಡಿಕೆಗಳ ಚರಿತ್ರೆ

೧. ವಿಷಯನಿರೂಪಣೆ

ಸಾಲ, ಬೆಂಕಿ, ಹಗೆ ಎಂಬ ಮೂರರಲ್ಲಿ ಶೇಷವನ್ನುಳಿಸಲಾಗದೆಂಬುದು ಭಾರತೀಯ ನೀತಿಜ್ಞರಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಅಲ್ಪವೆಂದು ಬಿಟ್ಟ ಶೇಷವು ಕಾಲಾಂತರದಲ್ಲಿ ಬೆಳೆದು ಮೊದಲಿನದಕ್ಕೆ ಸಮನಾಗುವುದೆಂಬುದೇ ಅದರ ತಾತ್ಪರ್ಯ. ಈ ನೀತಿಯು ಅಕ್ಷರಶಃ ಅನ್ವಯಿಸುವ ಸಂದರ್ಭವೊಂದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒದಗಿತು.

ರಾಜ್ಯಗಳು ಸಂಧಿಮಾಡಿಕೊಂಡು ಆಯುಧಗಳನ್ನು ತ್ಯಜಿಸಿರುವುದು ಚರಿತ್ರೆಯಲ್ಲಿ ಅಪೂರ್ವವಲ್ಲ. ಆದರೆ ಪೂರ್ವಕಾಲದ ಆಯುಧಗಳ ಲೋಹವು ಆಯುಧದ ಆಕಾರವನ್ನು ಕಳೆದುಕೊಂಡೊಡನೆ ಸಾಮಾನ್ಯ ಲೋಹವೇ ಆಗುತ್ತಿದ್ದಿತು. ಖಡ್ಗವನ್ನು ಕಾಯಿಸಿ ಬಡಿದರೆ ಕುಡುಗೋಲಾಗುವುದು. ಕಂಚಿನ ಫಿರಂಗಿಯನ್ನು ಕರಗಿಸಿದರೆ ಗಂಟೆಯಾಗುವುದು. ಅಣ್ವಸ್ತ್ರದ ವಿಷಯವು ಹೀಗಲ್ಲ. ಅದರ ಹೊರಗಣ ಕವಚ, ಸಿಡಿಮದ್ದು, ತಂತಿ ಮೊದಲಾದುವುಗಳನ್ನು ಸಮರ್ಥವಾದ ರಾಜ್ಯವು ಸ್ವಲ್ಪಕಾಲದಲ್ಲಿಯೇ ಪುನಃ ನಿರ್ಮಿಸಬಲ್ಲುದು. ಒಳಗಿರುವ ಕೆಲವು ಕಿಲೋಗ್ರಾಮುಗಳ ಯುರೇನಿಯಂ ಅಥವಾ ಪ್ಲುಟೋನಿಯಂ ಎಂಬ ಲೋಹವನ್ನು ಸಂಪಾದಿಸುವುದೇ ದುಸ್ಸಾಧ್ಯವಾದ ಕಾರ್ಯ. ಆದಕಾರಣ ಅಸ್ತ್ರವನ್ನು ಬಿಚ್ಚಿ, ಲೋಹವನ್ನು ಭಂಡಾರದಲ್ಲಿಟ್ಟುಕೊಂಡ ರಾಜ್ಯವು ಅಸ್ತ್ರವನ್ನು ತ್ಯಜಿಸಿತೆಂದು ಹೇಳುವುದಕ್ಕಾಗದು. ಅದನ್ನು ಒರೆಯಲ್ಲಿಟ್ಟಿತೆಂದಷ್ಟೇ ಹೇಳಬಹುದು.

ಈ ಶೇಷದ್ರವ್ಯದ ವಿಲೇವಾರಿಗಾಗಿ ರಷ್ಯಾ ದೇಶವೂ ಅಮೆರಿಕಾ ಸಂಯುಕ್ತ ಸಂಸ್ಥಾನವೂ ಎರಡು ಮುಖ್ಯವಾದ ಒಡಂಬಡಿಕೆಗಳನ್ನು ಮಾಡಿಕೊಂಡವು. ೧೯೯೩ರಲ್ಲಿ ಯುರೇನಿಯಂ ವಿಷಯವಾಗಿ ಆದುದು ೨೦೧೩ರಲ್ಲಿ ಸಂಪೂರ್ಣವಾಗಿ ನೆರವೇರಿತು. ೨೦೦೦ದಲ್ಲಿ ಪ್ಲುಟೋನಿಯಂ ವಿಷಯವಾಗಿ ಆದುದು ಗುರಿಯನ್ನು ಮುಟ್ಟದೆ ಮುರಿಯಿತು. ಉಭಯಪಕ್ಷಗಳೂ ಅವೇ, ಉದ್ದೇಶವೂ ಒಂದೇ. ಫಲವು ಮಾತ್ರ ವಿರುದ್ಧವಾದುದು. ಇದಕ್ಕೆ ಕಾರಣವೇನೆಂಬುದನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

೨. ದ್ರವ್ಯಗಳ ಸ್ವರೂಪಭೇದ

ಭೂಮಿಯಲ್ಲಿ ದೊರೆಯುವ ಯುರೇನಿಯಂನಲ್ಲಿ ಯುರೇನಿಯಂ-೨೩೫ ಎಂಬ ಸಮಸ್ಥಾನಿಯು ನೂರಕ್ಕೆ ೦.೭ರಷ್ಟು ಮಾತ್ರವಿರುವುದು, ಉಳಿದುದು ಬಹುಮಟ್ಟಿಗೆ ಯುರೇನಿಯಂ-೨೩೮. ಮೊದಲನೆಯದರ ಪ್ರಮಾಣವನ್ನು ನೂರಕ್ಕೆ ೪ ಅಥವಾ ೫ರವರೆಗೆ ಹೆಚ್ಚಿಸಿದರೆ ಅದು ವಿದ್ಯುಚ್ಛಕ್ತಿಯನ್ನುಂಟುಮಾಡುವ ರಿಯಾಕ್ಟರುಗಳಿಗೆ ಇಂಧನವಾಗುವುದು. ಇದು ಅಲ್ಪಸಂಪುಷ್ಟ ಯುರೇನಿಯಂ. ನೂರಕ್ಕೆ ೯೦ರವರೆಗೆ ಹೆಚ್ಚಿಸಿದರೆ ಅಸ್ತ್ರಕ್ಕೆ ಯೋಗ್ಯವಾದ ಅತಿಸಂಪುಷ್ಟ ಯುರೇನಿಯಂ ಆಗುವುದು. ಅಸ್ತ್ರದ ದ್ರವ್ಯಕ್ಕೆ ಕಡಿಮೆ ಸತ್ತ್ವದ ಯುರೇನಿಯಂನ್ನು ಬೆರಸಿದರೆ ಅದು ಪುನಃ ಇಂಧನದ ಮಟ್ಟಕ್ಕೆ ಇಳಿಯುವುದು. ಹಾಲಿಗೆ ನೀರನ್ನು ಬೆರಸಿದಂತೆ ಬೆರಸುವುದು ಸುಲಭ, ಬೇರ್ಪಡಿಸುವುದು ಕಷ್ಟ. ನೀರಕ್ಷೀರಗಳನ್ನು ಬೇರ್ಪಡಿಸುವ ಹಂಸವು ಇಲ್ಲಿ ಸಂಪುಷ್ಟೀಕರಣದ ದೊಡ್ಡ ಕಾರಖಾನೆಯೇ ಆಗಿದೆ. ಅಂತಹ ಕಾರಖಾನೆಯು ಬಹುಕೆಲವು ದೇಶಗಳಲ್ಲಿ ಮಾತ್ರವಿರುವುದು.

ಪ್ಲುಟೋನಿಯಂನಲ್ಲಿ ಈ ಸೌಕರ್ಯವಿಲ್ಲ. ಅದನ್ನು ನಿಸ್ಸತ್ತ್ವಗೊಳಿಸಲು ಬೆರಸತಕ್ಕ ಸಜಾತೀಯ ದ್ರವ್ಯವು ದೊರೆಯುವುದಿಲ್ಲ. ವಿಜಾತೀಯ ದ್ರವ್ಯವನ್ನು ಬೆರಸಿದರೆ ರಾಸಾಯನಿಕ ಕ್ರಿಯೆಯಿಂದ ಮರಳಿ ಪಡೆಯಬಹುದು. ಅದರ ಮುಖ್ಯ ಸಮಸ್ಥಾನಿಯಾದ ಪ್ಲುಟೋನಿಯಂ-೨೩೯ರ ಅರ್ಧಾಯುವು ಸುಮಾರು ೨೪,೧೦೦ ವರ್ಷಗಳು; ಅಷ್ಟು ಕಾಲ ಕಾದರೂ ಅದರ ಅರ್ಧವು ಮಾತ್ರ ಕ್ಷಯಿಸುವುದು. ಕ್ಷಯಿಸಿ ಆಗುವ ದ್ರವ್ಯವು ಯುರೇನಿಯಂ-೨೩೫ ಎಂಬುದೂ ಗಮನಿಸತಕ್ಕ ಅಂಶ. ಆದುದರಿಂದ ಪ್ಲುಟೋನಿಯಂಗೆ ಎರಡೇ ಗತಿಗಳುಂಟು: ಯುರೇನಿಯಂನೊಡನೆ ಮಿಶ್ರ ಇಂಧನವಾಗಿ ಮಾಡಿ ರಿಯಾಕ್ಟರಿನಲ್ಲಿ ಉರಿಸುವುದು, ಇಲ್ಲವೆ ಕಲ್ಮಷದೊಡನೆ ಬೆರಸಿ ಭೂಗರ್ಭದಲ್ಲಿ ಹೂಳುವುದು. ಮರಳಿ ಪಡೆಯುವ ಕಷ್ಟವು ರಿಯಾಕ್ಟರಿನಲ್ಲಿ ಉರಿದು ಹೊರಬಂದ ಇಂಧನದಿಂದ ಪ್ಲುಟೋನಿಯಂನ್ನು ತೆಗೆಯುವ ಕಷ್ಟಕ್ಕೆ ಸಮನಾಗಿರಬೇಕೆಂಬ ಮಾನದಂಡವನ್ನು ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ೧೯೯೪ರಲ್ಲಿ ಪ್ರತಿಪಾದಿಸಿತು.

೩. ೧೯೯೧ನೆಯ ಇಸವಿಯ ಪರಿಸ್ಥಿತಿ

೧೯೯೧ರ ಜುಲೈ ೩೧ರಂದು ಸೋವಿಯೆತ್ ಒಕ್ಕೂಟವೂ ಅಮೆರಿಕಾವೂ ದೂರಗಾಮಿ ಅಸ್ತ್ರಗಳನ್ನು ತಗ್ಗಿಸುವ ಒಪ್ಪಂದಕ್ಕೆ ರುಜುಮಾಡಿದುವು. ಸೆಪ್ಟೆಂಬರ್ ೨೭ರಂದು ಅಮೆರಿಕಾದ ಅಧ್ಯಕ್ಷ ಬುಷ್, ಅಕ್ಟೋಬರ್ ೫ರಂದು ಸೋವಿಯೆತ್ ಅಧ್ಯಕ್ಷ ಗೊರ್ಬಚೆವ್, ಒಪ್ಪಂದದ ಬಲಾತ್ಕಾರವಿಲ್ಲದೆಯೇ ಇನ್ನೂ ಅನೇಕ ಅಸ್ತ್ರಗಳನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದರು. ಡಿಸೆಂಬರಿನಲ್ಲಿ ಸೋವಿಯೆತ್ ಒಕ್ಕೂಟವೇ ಅಳಿಯಿತು. ಅದರ ದೂರಗಾಮಿ ಅಸ್ತ್ರಗಳು ರಷ್ಯಾ, ಉಕ್ರೇನ್, ಕಜಾಖ್‌ಸ್ತಾನ್, ಬೆಲಾರೂಸ್ ಎಂಬ ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿದ್ದುವು. ಅಸ್ತ್ರದ್ರವ್ಯವನ್ನು ತಯಾರಿಸುತ್ತಿದ್ದ ಗುಪ್ತನಗರಗಳಲ್ಲಿ ವೇತನವು ಸಕಾಲಕ್ಕೆ ಬಾರದ ಸ್ಥಿತಿಯುಂಟಾಯಿತು. ದ್ರವ್ಯವು ಕಳ್ಳರ ಕೈಗೆ ಸೇರುವುದೆಂಬ ಭಯವು ಎಲ್ಲೆಡೆಯೂ ಹಬ್ಬಿತು.

ಈ ಭಯವು ನಿರಾಧಾರವಾಗಿರಲಿಲ್ಲ. ಕಜಾಖ್‌ಸ್ತಾನದ ಉಸ್ತ್-ಕಮೆನೊಗೊರ್ಸ್ಕ್ ಪಟ್ಟಣದ ಲೋಹದ ಕಾರಖಾನೆಯಲ್ಲಿ ಸುಮಾರು ೬೦೦ ಕಿಲೋಗ್ರಾಂ ಅತಿಸಂಪುಷ್ಟ ಯುರೇನಿಯಂ ಸಾಕಷ್ಟು ಕಾವಲಿಲ್ಲದೆ ಬಿದ್ದಿದ್ದಿತು. ಕಜಾಖ್ ಸರ್ಕಾರದ ಸಮ್ಮತಿಯಿಂದ ಅಮೆರಿಕಾದವರು ಅದನ್ನು ೧೯೯೪ರ ನವೆಂಬರಿನಲ್ಲಿ ವಿಮಾನಗಳ ಮೂಲಕ ಟೆನೆಸಿ ಸಂಸ್ಥಾನದ ಓಕ್ ರಿಡ್ಜ್‌ಗೆ ಸಾಗಿಸಿದರು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಒಂದು ಅಸ್ತ್ರಕ್ಕೆ ಸಾಕಾಗುವ ಪ್ರಮಾಣವನ್ನು ಯುರೇನಿಯಂ-೨೩೫ ಆದರೆ ೨೫ ಕಿಲೋಗ್ರಾಂ, ಪ್ಲುಟೋನಿಯಂ ಆದರೆ ೮ ಕಿಲೋಗ್ರಾಂ ಎಂದು ಗಣಿಸುವುದು. ಇದನ್ನು ನೆನೆದರೆ ಆ ೬೦೦ ಕಿಲೋಗ್ರಾಮಿನ ಮಹತ್ತ್ವವು ವ್ಯಕ್ತವಾಗುವುದು.

ಇಂತಹ ಸಮಯದಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ಭೌತಶಾಸ್ತ್ರಜ್ಞ ಟಾಮಸ್ ನೆಫ್ ಎಂಬವರು ೧೯೯೧ರ ಅಕ್ಟೋಬರ್ ೨೪ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ರಷ್ಯಾದ ಅಸ್ತ್ರಗಳಲ್ಲಿನ ಯುರೇನಿಯಂನ್ನು ಇಂಧನದ ಮಟ್ಟಕ್ಕೆ ಇಳಿಸಿ ಅಮೆರಿಕಾವು ಕೊಂಡುಕೊಳ್ಳಬೇಕೆಂಬುದು ಅದರ ಸಾರ. ಒಬ್ಬನಿಗೆ ಹಣವು ಬೇಕು, ಇನ್ನೊಬ್ಬನಿಗೆ ನಿರ್ಭಯವೂ ಇಂಧನವೂ ಬೇಕು. ಎರಡೂ ಒಂದೇ ವಸ್ತುವಿನಿಂದ ದೊರೆಯುವುವೆಂಬುದು ಅವರ ಯುಕ್ತಿ.

೪. ಯುರೇನಿಯಂ ಒಡಂಬಡಿಕೆ

೧೯೯೩ರ ಫೆಬ್ರವರಿ ೧೮ರಂದು ಉಭಯ ಸರ್ಕಾರಗಳ ಒಡಂಬಡಿಕೆಗೆ ರುಜುವಾಯಿತು. ರಷ್ಯಾವು ೫೦೦ ಟನ್ನು ಅತಿಸಂಪುಷ್ಟ ಯುರೇನಿಯಂನ್ನು ೨೦ ವರ್ಷಗಳಲ್ಲಿ ಇಂಧನವಾಗಿ ಮಾರ್ಪಡಿಸಿ ಮಾರತಕ್ಕದ್ದು, ಅಮೆರಿಕಾವು ಕೊಳ್ಳತಕ್ಕದ್ದು. ಇದರ ವಾಣಿಜ್ಯ ಕರಾರಿಗೆ ೧೯೯೪ರ ಜನವರಿ ೧೪ರಂದು ರಷ್ಯಾದ ಟೆಕ್‌ಸ್ನಾಬ್‌ಎಕ್ಸ್‌ಪೋರ್ಟ್ ಸಂಸ್ಥೆಯೂ ಅಮೆರಿಕಾದ ಸಂಪುಷ್ಟೀಕರಣ ನಿಗಮವೂ ರುಜುಮಾಡಿದುವು. ಅದೇ ದಿನ ಮಾಸ್ಕೋ ನಗರದಲ್ಲಿ ಕ್ಲಿಂಟನ್, ಯೆಲ್ಟ್ಸಿನ್, ಕ್ರಾವ್ಚುಕ್ ಎಂಬ ಮೂವರು ಅಧ್ಯಕ್ಷರು ಉಕ್ರೇನಿನ ಅಸ್ತ್ರಗಳ ವಿಷಯವಾದ ಹೇಳಿಕೆಗೆ ರುಜುಮಾಡಿದರು. ಉಕ್ರೇನ್ ತನ್ನಲ್ಲಿದ್ದ ಅಸ್ತ್ರಗಳನ್ನು ರಷ್ಯಾಕ್ಕೆ ಒಪ್ಪಿಸತಕ್ಕದ್ದು. ಮೊದಲ ಹತ್ತು ತಿಂಗಳಲ್ಲಿ ಕನಿಷ್ಠಪಕ್ಷ ೨೦೦ ಅಸ್ತ್ರಗಳನ್ನು ಕಳುಹಿಸುವುದಕ್ಕೆ ಪ್ರತಿಯಾಗಿ ರಷ್ಯಾವು ೧೦೦ ಟನ್ನು ಅಲ್ಪಸಂಪುಷ್ಟ ಯುರೇನಿಯಂ ಉಳ್ಳ ಇಂಧನವನ್ನು ಕೊಡತಕ್ಕದ್ದು. ಅದರ ವೆಚ್ಚಕ್ಕೆ ಅಮೆರಿಕಾವು ಯುರೇನಿಯಂ ಬೆಲೆಯಲ್ಲಿ ಮುಂದೆ ಮುರಿದುಕೊಳ್ಳುವಂತೆ ೬ ಕೋಟಿ ಡಾಲರುಗಳ ಮುಂಗಡವನ್ನು ಕೊಡತಕ್ಕದ್ದು. ೧೯೯೬ರ ಜೂನ್ ತಿಂಗಳ ಆರಂಭದೊಳಗೆ ಉಕ್ರೇನಿನ ಕಡೆಯ ಅಸ್ತ್ರವೂ ರಷ್ಯಾಕ್ಕೆ ಹೋಯಿತು.

ದ್ರವ್ಯದ ಮಾರ್ಪಾಟು ಈ ಕ್ರಮದಲ್ಲಿ ನಡೆಯಿತು. ಅಸ್ತ್ರದಿಂದ ತೆಗೆದ ಲೋಹವನ್ನು ಉರಲ್ ಪ್ರಾಂತದ ಮಯಾಕ್ ಮತ್ತು ಸೈಬೀರಿಯಾದ ಸೆವೆರ್ಸ್ಕ್ ಎಂಬಲ್ಲಿ ಸಣ್ಣ ಚೂರುಗಳಾಗಿ ತುರಿದು, ಸುಟ್ಟು ಆಕ್ಸೈಡ್ ಮಾಡಿ ಶುದ್ಧಿಗೊಳಿಸುತ್ತಿದ್ದರು. ಬಳಿಕ ಅದನ್ನು ಫ್ಲೋರೀನಿನೊಡನೆ ಸಂಯೋಗಗೊಳಿಸಿ ಅನಿಲವಾಗತಕ್ಕ ಹೆಕ್ಸಾಫ್ಲೋರೈಡ್ ಆಗಿ ಪರಿವರ್ತಿಸಿ, ನೊವೊಉರಾಲ್ಸ್ಕ್, ಜೆಲೆನೊಗೊರ್ಸ್ಕ್, ಸೆವೆರ್ಸ್ಕ್ ಎಂಬ ನಗರಗಳ ಕಾರಖಾನೆಗಳಲ್ಲಿ ನೂರಕ್ಕೆ ೧.೫ರಷ್ಟು ಸಂಪುಷ್ಟವಾದ ಯುರೇನಿಯಂ ಅನಿಲದೊಡನೆ ಬೆರಸುತ್ತಿದ್ದರು. ಸ್ವಾಭಾವಿಕ ಯುರೇನಿಯಂನ್ನೇ ಬೆರಸದೆ ಹೀಗೆ ಮಾಡಿದುದಕ್ಕೆ ಕಾರಣವುಂಟು: ಅಸ್ತ್ರದ್ರವ್ಯದಲ್ಲಿ ಯುರೇನಿಯಂ-೨೩೪ ಎಂಬ ಅನಿಷ್ಟ ಸಮಸ್ಥಾನಿಯೂ ಹೆಚ್ಚಿರುತ್ತಿದ್ದಿತು, ಇಂಧನದ ವ್ಯಾಪಾರದಲ್ಲಿ ನಿಯತವಾದ ಮಿತಿಯೊಳಗೆ ಅದನ್ನು ತರಬೇಕಾಗಿದ್ದಿತು. ಒಂದು ಪಾಲು ಅಸ್ತ್ರದ್ರವ್ಯದಿಂದ ಸುಮಾರು ೨೯ ಪಾಲು ಇಂಧನವು ಸಿದ್ಧವಾಗುತ್ತಿದ್ದಿತು. ಅದು ಉಕ್ಕಿನ ಕೊಳವಿಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಂದರಿಗೆ ಬಂದು ಹಡಗಿನಲ್ಲಿ ಅಮೆರಿಕಾಕ್ಕೆ ಹೋಗುತ್ತಿದ್ದಿತು.

ಪರಸ್ಪರ ವಿಶ್ವಾಸಕ್ಕಾಗಿ ಪರಿವೀಕ್ಷಣೆಯ ಏರ್ಪಾಡೂ ಇದ್ದಿತು. ಅಮೆರಿಕಾದ ಪರಿವೀಕ್ಷಕರು, ದಶಕಗಳ ಕಾಲ ಭೂಪಟದಲ್ಲಿಯೂ ಕಾಣಿಸದಿದ್ದ ರಷ್ಯಾದ ನಗರಗಳನ್ನು ಪ್ರವೇಶಿಸಿ ಲೋಹದ ತುರಿಯುವಿಕೆಯನ್ನೂ ಬೆರಕೆಯನ್ನೂ ಕಂಡರು. ರಷ್ಯಾದವರು ಅಮೆರಿಕಾದ ಕಾರಖಾನೆಗಳಿಗೆ ಹೋಗಿ, ಬಂದ ಯುರೇನಿಯಂ ಇಂಧನಕ್ಕಲ್ಲದೆ ಬೇರಾವುದಕ್ಕೂ ವಿನಿಯೋಗವಾಗಲಿಲ್ಲವೆಂಬುದನ್ನು ನೋಡಿದರು. ೧೯೯೯ರಿಂದ ರಷ್ಯಾದ ಕಾರಖಾನೆಗಳ ಕೊಳವೆಗಳಿಗೆ ಅಮೆರಿಕಾದ ಯಂತ್ರಗಳನ್ನು ಜೋಡಿಸತೊಡಗಿದರು. ಅಸ್ತ್ರದ್ರವ್ಯ ಬರುವ ಕೊಳವೆ, ಬೆರಕೆಯ ದ್ರವ್ಯ ಬರುವ ಕೊಳವೆ, ಇಂಧನ ಹೊರಡುವ ಕೊಳವೆ ಎಂಬ ಮೂರರಲ್ಲಿಯೂ ಅವು ಹರಿವನ್ನೂ ಸಂಪುಷ್ಟತೆಯನ್ನೂ ಅಳೆಯುತ್ತಿದ್ದುವು.

ಕಾರ್ಯವು ನಿರ್ವಿಘ್ನವಾಗಿ ನಡೆಯಿತೆಂದು ಭಾವಿಸಲಾಗದು. ಮೊದಲ ಇಂಧನವು ೧೯೯೫ರಲ್ಲಿ ಬಂದಿತು. ಕೊಳ್ಳುವ ನಿಗಮವು ೧೯೯೮ರಲ್ಲಿ ಸರ್ಕಾರದ ಸ್ವಾಮ್ಯದಿಂದ ಖಾಸಗಿ ಒಡೆತನಕ್ಕೆ ಹೋಯಿತು. ಅದು ಸಂಪುಷ್ಟೀಕರಣದ ಶ್ರಮಕ್ಕೆ ಮಾತ್ರ ಬೆಲೆ ಕೊಡುತ್ತಿದ್ದಿತು. ಇಂಧನದಲ್ಲಡಗಿದ ಸ್ವಾಭಾವಿಕ ಯುರೇನಿಯಂ ಭಾಗವು ರಷ್ಯಾಕ್ಕೆ ಸೇರಿದ್ದರೂ, ಅಮೆರಿಕಾದ ಕಾನೂನಿನ ಮಿತಿಗಳಿಂದ ಅಲ್ಲಿ ಬೇಕಾದಷ್ಟನ್ನು ಮಾರುವಂತಿರಲಿಲ್ಲ. ಅದಕ್ಕೆ ಬೆಲೆ ದೊರೆಯದೆ ರಷ್ಯಾವು ಸಾಗಣೆಯನ್ನು ಕೆಲಕಾಲ ನಿಲ್ಲಿಸಿತು. ೧೯೯೯ರ ಮಾರ್ಚ್ ೨೪ರಂದು ಈ ವಿವಾದವು ಬಗೆಹರಿಯಿತು. ಕೆನಡಾ, ಫ್ರಾನ್ಸ್, ಜರ್ಮನಿ ಮೂಲದ ಮೂರು ವಾಣಿಜ್ಯ ಸಂಸ್ಥೆಗಳು ಆ ಭಾಗವನ್ನು ಕೊಳ್ಳಲೊಪ್ಪಿದುವು. ಹಿಂದಿನ ಎರಡು ವರ್ಷಗಳ ದಾಸ್ತಾನನ್ನು ಅಮೆರಿಕಾ ಸರ್ಕಾರವೇ ೩೨.೫ ಕೋಟಿ ಡಾಲರುಗಳಿಗೆ ಕೊಂಡಿತು.

ಆ ದಿನಾಂಕವು ಚರಿತ್ರಕಾರರು ಮನನಮಾಡತಕ್ಕುದು. ನೇಟೋ ಕೂಟದ ವಿಮಾನಗಳು ಯುಗೊಸ್ಲಾವಿಯಾದ ಮೇಲೆ ಬಾಂಬುದಾಳಿಯನ್ನಾರಂಭಿಸಿದುದು ಅದೇ ಮಾರ್ಚ್ ೨೪ರಂದು. ವಾಷಿಂಗ್ಟನ್ನಿಗೆ ಹೊರಟಿದ್ದ ರಷ್ಯಾದ ಪ್ರಧಾನಮಂತ್ರಿ ಪ್ರಿಮಕೋವ್ ದಾಳಿಯ ನಿರ್ಧಾರವನ್ನು ಕೇಳಿ ಅಟ್ಲಾಂಟಿಕ್ ಸಾಗರದ ಮೇಲಿಂದಲೇ ತಮ್ಮ ವಿಮಾನವನ್ನು ಹಿಂದಿರುಗಿಸಿದರು. ರಾಜಕೀಯ ಮೈತ್ರಿಯು ಹೀಗೆ ಕದಡಿದ ದಿನವೇ ಯುರೇನಿಯಂ ವ್ಯವಹಾರವು ಸರಿಹೋಯಿತು. ೨೦೦೮ರ ಜಾರ್ಜಿಯಾ ಯುದ್ಧವೂ ಈ ಸಾಗಣೆಯನ್ನು ತಡೆಯಲಿಲ್ಲ.

ಕಡೆಯ ಸರಕನ್ನು ಹೊತ್ತ ಹಡಗು ೨೦೧೩ರ ನವೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗನ್ನು ಬಿಟ್ಟು ಡಿಸೆಂಬರಿನಲ್ಲಿ ಬಾಲ್ಟಿಮೋರ್ ಬಂದರನ್ನು ಸೇರಿತು. ೫೦೦ ಟನ್ನು ಅಸ್ತ್ರದ್ರವ್ಯವು ೧೪,೦೦೦ ಟನ್ನಿಗೂ ಮೀರಿದ ಇಂಧನವಾಗಿದ್ದಿತು. ರಷ್ಯಾಕ್ಕೆ ಸಂದ ಹಣವು ಸುಮಾರು ೧,೭೦೦ ಕೋಟಿ ಡಾಲರು. ಆ ಅವಧಿಯಲ್ಲಿ ಅಮೆರಿಕಾದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಈ ಇಂಧನದಿಂದ ಬಂದುದೆಂದು ಗಣಿಸಿರುವರು.

೫. ಪ್ಲುಟೋನಿಯಂ ಒಡಂಬಡಿಕೆ

೨೦೦೦ದ ಆಗಸ್ಟ್–ಸೆಪ್ಟೆಂಬರಿನಲ್ಲಿ ಅಮೆರಿಕಾದ ಉಪಾಧ್ಯಕ್ಷ ಗೋರ್, ರಷ್ಯಾದ ಪ್ರಧಾನಮಂತ್ರಿ ಕಸ್ಯಾನೊವ್ ಇವರು ಪ್ಲುಟೋನಿಯಂ ಒಡಂಬಡಿಕೆಗೆ ರುಜುಮಾಡಿದರು. ಒಂದೊಂದು ದೇಶವೂ ೩೪ ಟನ್ನು ಪ್ಲುಟೋನಿಯಂನ್ನು ಮತ್ತೆಂದೂ ಅಸ್ತ್ರಕ್ಕೆ ಒದಗದಂತೆ ಮಾಡತಕ್ಕದ್ದೆಂಬುದು ಅದರ ನಿಯಮ. ಅಮೆರಿಕಾ ಸರ್ಕಾರದ ಗಣನೆಯಂತೆ ಈ ೬೮ ಟನ್ನು ಸುಮಾರು ೧೭,೦೦೦ ಅಸ್ತ್ರಗಳಿಗೆ ಸಾಕಾಗುವುದು. ಅಮೆರಿಕಾವು ತನ್ನ ಪಾಲಿನಲ್ಲಿ ಸುಮಾರು ೨೫ ಟನ್ನನ್ನು ಮಿಶ್ರ ಇಂಧನವಾಗಿ ಮಾಡಿ, ಉಳಿದುದನ್ನು ಪಿಂಗಾಣಿಯಂತಹ ಬಿಲ್ಲೆಗಳಲ್ಲಿ ಬಂಧಿಸಿ ವಿಕಿರಣಯುಕ್ತ ಕಲ್ಮಷದ ಗಾಜಿನೊಳಗೆ ಹುದುಗಿಸಬೇಕೆಂದು ಮೊದಲು ಯೋಚಿಸಿದ್ದಿತು. ಎರಡನೆಯ ಮಾರ್ಗವನ್ನು ೨೦೦೨ರಲ್ಲಿ ಕೈಬಿಟ್ಟಿತು.

ಇಲ್ಲಿ ಕೊಳ್ಳುವವರಾರೂ ಇರಲಿಲ್ಲ. ಪ್ಲುಟೋನಿಯಂ ಬೆರೆತ ಇಂಧನವನ್ನು ತಯಾರಿಸುವ ವೆಚ್ಚವು ಸಾಮಾನ್ಯ ಯುರೇನಿಯಂ ಇಂಧನದ ಬೆಲೆಯನ್ನು ಮೀರುವುದು. ರಷ್ಯಾದ ಪಾಲಿನ ವೆಚ್ಚಕ್ಕಾಗಿ ಇತರ ದೇಶಗಳು ವಾಗ್ದಾನಮಾಡಿದ ಹಣವು ಸಾಲಲಿಲ್ಲ. ಅಪಘಾತವಾದರೆ ಹೊಣೆ ಯಾರದೆಂಬ ವಿವಾದದಲ್ಲಿ ವರ್ಷಗಳು ಕಳೆದುವು. ರಷ್ಯಾವು ತನ್ನ ದ್ರವ್ಯವನ್ನು ವೇಗವರ್ಧಕ ರಿಯಾಕ್ಟರುಗಳಲ್ಲಿ ಉರಿಸುವೆನೆಂದು ಹೇಳಲು, ೨೦೧೦ರ ಏಪ್ರಿಲ್ ೧೩ರಂದು ವಾಷಿಂಗ್ಟನ್ನಿನಲ್ಲಿ ತಿದ್ದುಪಡಿಗೆ ರುಜುವಾಗಿ, ೨೦೧೧ರ ಜುಲೈ ತಿಂಗಳಲ್ಲಿ ಒಡಂಬಡಿಕೆಯು ಜಾರಿಗೆ ಬಂದಿತು. ರುಜುವಿಗೂ ಜಾರಿಗೂ ನಡುವೆಯೇ ೧೧ ವರ್ಷಗಳು ಸಂದಿದ್ದುವು.

ಅಮೆರಿಕಾವು ದಕ್ಷಿಣ ಕರೊಲೈನಾದ ಸವಾನಾ ನದಿಯ ಬಳಿ ಮಿಶ್ರ ಇಂಧನದ ಕಾರಖಾನೆಯನ್ನು ೨೦೦೭ರಲ್ಲಿ ಕಟ್ಟತೊಡಗಿತು. ವೆಚ್ಚವು ಅಂದಾಜನ್ನು ಮೀರಿ ಬೆಳೆಯುತ್ತಲೇ ಹೋಗಿ, ನೂರಾರು ಕೋಟಿ ಡಾಲರುಗಳು ವ್ಯಯವಾದ ಮೇಲೆ ೨೦೧೮ರಲ್ಲಿ ಕಟ್ಟಡವನ್ನು ಅರ್ಧದಲ್ಲಿಯೇ ನಿಲ್ಲಿಸಿದರು. ಅದಕ್ಕೆ ಪ್ರತಿಯಾಗಿ ಪ್ಲುಟೋನಿಯಂನ್ನು ಬೇರೊಂದು ದ್ರವ್ಯದೊಡನೆ ಬೆರಸಿ ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿ ಸುಮಾರು ೬೫೦ ಮೀಟರು ಆಳದ ಉಪ್ಪಿನ ಪದರಗಳಲ್ಲಿ ಹೂಳುವುದೆಂದು ನಿಶ್ಚಯಿಸಿದರು. ಈ ಯೋಚನೆಯು ನಿಶ್ಚಯವಾಗುವುದಕ್ಕೆ ಮೊದಲೇ ರಷ್ಯಾದ ಅಧ್ಯಕ್ಷ ಪುಟಿನ್ ಆಕ್ಷೇಪಿಸಿದ್ದರು: ಹೂತುದನ್ನು ಅಗೆದು ತೆಗೆಯಬಹುದು, ಬೆರಸಿದುದನ್ನು ಬೇರ್ಪಡಿಸಬಹುದು, ಆದುದರಿಂದ ಇದು ಒಡಂಬಡಿಕೆಗೆ ಅನುಗುಣವಲ್ಲವೆಂದು. ೨೦೧೬ರ ಅಕ್ಟೋಬರ್ ೩ರಂದು ಅವರು ಒಡಂಬಡಿಕೆಯನ್ನು ತಡೆಹಿಡಿದು, ನೇಟೋ ಸೈನ್ಯದ ಇಳಿಕೆ, ಆರ್ಥಿಕ ನಿರ್ಬಂಧಗಳ ನಿವಾರಣೆ ಮೊದಲಾದ, ಪ್ಲುಟೋನಿಯಂಗೆ ಸಂಬಂಧವಿಲ್ಲದ ಷರತ್ತುಗಳನ್ನೂ ವಿಧಿಸಿದರು. ೨೦೨೫ರ ಮೇ ತಿಂಗಳಲ್ಲಿ ಅಮೆರಿಕಾದ ಅಧ್ಯಕ್ಷಾಜ್ಞೆಯೊಂದು, ದಕ್ಷಿಣ ಕರೊಲೈನಾಕ್ಕೆ ಸಂಬಂಧಿಸಿದ ಕಾನೂನಿನ ಬಾಧ್ಯತೆಗಳನ್ನು ಬಿಟ್ಟು ಉಳಿದಂತೆ ಬೆರಸಿ ಹೂಳುವ ಕಾರ್ಯವನ್ನು ನಿಲ್ಲಿಸಿ, ದ್ರವ್ಯವನ್ನು ಇಂಧನಕ್ಕಾಗಿ ಉದ್ಯಮಗಳಿಗೆ ಒದಗಿಸುವಂತೆ ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರಷ್ಯಾವು ಕಾನೂನಿನ ಮೂಲಕ ಒಡಂಬಡಿಕೆಯಿಂದ ಹೊರಬಂದಿತು.

೬. ವಿಮರ್ಶೆ

ಯುರೇನಿಯಂ ಒಡಂಬಡಿಕೆಯ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಇದು ವ್ಯಾಪಾರವೇ ಹೊರತು ನಿರಸ್ತ್ರೀಕರಣವಲ್ಲವೆಂಬುದು ಮೊದಲನೆಯದು. ವ್ಯಾಪಾರವೆಂಬುದು ನಿಜ, ಆದರೆ ವ್ಯಾಪಾರವಾದುದರಿಂದ ಫಲವು ನಾಶವಾಗುವುದಿಲ್ಲ. ಉಭಯರೂ ಲಾಭವನ್ನಪೇಕ್ಷಿಸಿ ಮಾಡಿದ ಕಾರ್ಯದಿಂದ ಅಸ್ತ್ರದ್ರವ್ಯವು ಉರಿದುಹೋಗಿದ್ದರೆ, ಉರಿದುಹೋದುದು ಉರಿದುಹೋದುದೇ. ೨೦,೦೦೦ ಅಸ್ತ್ರಗಳು ನಾಶವಾದುವೆಂಬ ಪ್ರಸಿದ್ಧವಾದ ಮಾತು ಸಾಧುವಲ್ಲವೆಂಬುದು ಎರಡನೆಯದು. ಇದನ್ನು ಅಂಶತಃ ಒಪ್ಪಬೇಕಾಗಿದೆ. ಪರಿವೀಕ್ಷಕರು ಲೋಹವನ್ನು ಕಂಡರೇ ಹೊರತು ಅಸ್ತ್ರಗಳನ್ನು ಬಿಚ್ಚಿದುದನ್ನು ಕಾಣಲಿಲ್ಲ. ೫೦೦ ಟನ್ನನ್ನು ೨೫ ಕಿಲೋಗ್ರಾಮಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ೨೦,೦೦೦. ಅದು ಗಣಿತದ ಫಲ, ಎಣಿಸಿದ ಲೆಕ್ಕವಲ್ಲ. ಅಸ್ತ್ರದ ಆಕಾರರಹಸ್ಯವನ್ನು ಬಯಲುಮಾಡದೆ ಅದರ ದ್ರವ್ಯವನ್ನು ಪರೀಕ್ಷಿಸುವ ಉಪಾಯಕ್ಕಾಗಿ ಉಭಯ ದೇಶಗಳೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ೧೯೯೬ರಿಂದ ೨೦೦೨ರವರೆಗೆ ಕೂಡಿ ಶ್ರಮಿಸಿದುವು. ಆದರೆ ಅದು ಆಚರಣೆಗೆ ಬರಲಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರಬಹುದು. ಕೌಟಿಲ್ಯನ ಅರ್ಥಶಾಸ್ತ್ರವು ೧೯೦೯ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳಿಂದ ಸಂಪಾದಿತವಾಗಿ ಪ್ರಕಟವಾದಂದಿನಿಂದ ವಿದ್ವಾಂಸರಿಗೆ ಪರಿಚಿತವಾಗಿರುವ ಚರ್ಚೆಯೊಂದು ಇಲ್ಲಿ ಪ್ರಸ್ತುತವಾಗಿದೆ. ಅದರ ಏಳನೆಯ ಅಧಿಕರಣದಲ್ಲಿ, ಯಾವ ಸಂಧಿಯು ಸ್ಥಿರವೆಂಬ ಪ್ರಶ್ನೆಯು ಬರುವುದು. ಬರಿಯ ಮಾತಿನಿಂದಲೋ ಶಪಥದಿಂದಲೋ ಆದ ಸಂಧಿಯು ಚಂಚಲ, ಜಾಮೀನು ಅಥವಾ ಒತ್ತೆಯಿಂದ ಆದುದು ಸ್ಥಿರವೆಂದು ಪೂರ್ವಾಚಾರ್ಯರ ಮತ. ಕೌಟಿಲ್ಯನು ಇದನ್ನೊಪ್ಪದೆ, ಸತ್ಯ ಶಪಥಗಳ ಸಂಧಿಯು ಇಹಪರಗಳೆರಡರಲ್ಲಿಯೂ ಸ್ಥಿರ, ಜಾಮೀನು ಒತ್ತೆಗಳು ಇಹಕ್ಕೆ ಮಾತ್ರ ಸಲ್ಲತಕ್ಕವು ಮತ್ತು ಬಲವನ್ನವಲಂಬಿಸಿದವು ಎನ್ನುವನು.

ಯುರೇನಿಯಂ ಒಡಂಬಡಿಕೆಯಲ್ಲಿ ಪ್ರತಿಯೊಂದು ವರ್ಷದ ಸರಕೂ ಬೆಲೆಯೂ ಪರಸ್ಪರ ಒತ್ತೆಯಾಗಿದ್ದುವು. ತಪ್ಪಿದವನು ಆ ವರ್ಷವೇ ನಷ್ಟವನ್ನನುಭವಿಸುತ್ತಿದ್ದನು. ಪ್ಲುಟೋನಿಯಂ ಒಡಂಬಡಿಕೆಯಲ್ಲಿದ್ದುದು ಮಾತು ಮಾತ್ರ. ನಡೆದರೆ ಖರ್ಚು, ನಡೆಯದಿದ್ದರೆ ಉಳಿತಾಯ. ಇಷ್ಟರಿಂದ ಆಚಾರ್ಯರ ಮತವೇ ಗೆದ್ದಂತೆ ತೋರುವುದು. ಆದರೆ ಕೌಟಿಲ್ಯನ ಆಕ್ಷೇಪವೂ ವ್ಯರ್ಥವಲ್ಲ. ೧೯೯೩ರಲ್ಲಿ ಹಣಕ್ಕಾಗಿ ಕಷ್ಟಪಡುತ್ತಿದ್ದ ರಷ್ಯಾವು ೨೦೧೩ರ ವೇಳೆಗೆ ಬಲವಂತವಾಗಿದ್ದಿತು. ಅಸ್ತ್ರದ್ರವ್ಯದ ಮಾರಾಟವನ್ನು ಮುಂದುವರಿಸಲು ಅದು ಒಪ್ಪಲಿಲ್ಲ. ಒತ್ತೆಯ ಬಲವು ಕೊಡುವವನ ಅಗತ್ಯವಿರುವವರೆಗೆ ಮಾತ್ರವೆಂಬುದು ಇದರಿಂದ ಸ್ಥಿರಪಡುವುದು.

೭. ಉಪಸಂಹಾರ

ಸಂಧಿಗಳು ಶಾಶ್ವತವಲ್ಲ, ಮಾತಿನಿಂದಾದುದೂ ಒತ್ತೆಯಿಂದಾದುದೂ ಕಾಲವಶವಾಗುವುದು. ಆದುದರಿಂದ ಶೇಷದ್ರವ್ಯದ ವಿಷಯದಲ್ಲಿ ಒಡಂಬಡಿಕೆಯ ಬೆಲೆಯನ್ನು ಅದು ಎಷ್ಟು ಕಾಲ ಬಾಳಿತೆಂಬುದರಿಂದಲ್ಲ, ಬಾಳಿದಷ್ಟು ಕಾಲದಲ್ಲಿ ಹಿಂದೆಗೆಯಲಾಗದ ಕಾರ್ಯವು ಎಷ್ಟು ನಡೆಯಿತೆಂಬುದರಿಂದ ಅಳೆಯತಕ್ಕದ್ದು. ಉಭಯ ದೇಶಗಳ ಸಂಬಂಧವು ೨೦೧೪ರಿಂದೀಚೆಗೆ ಕೆಟ್ಟಿದ್ದರೂ ಆ ೫೦೦ ಟನ್ನು ಯುರೇನಿಯಂ ಮರಳಿ ಅಸ್ತ್ರವಾಗದು. ಅದು ಅಮೆರಿಕಾದ ದೀಪಗಳಲ್ಲಿ ಉರಿದುಹೋಗಿದೆ. ಹತ್ತಾರು ವರ್ಷಗಳ ಚರ್ಚೆಗೆ ವಿಷಯವಾದ ಪ್ಲುಟೋನಿಯಂನಾದರೋ ಬಹುಮಟ್ಟಿಗೆ ಭಂಡಾರಗಳಲ್ಲಿಯೇ ಇದೆ. ಅದರ ಅರ್ಧಾಯುವು ೨೪,೧೦೦ ವರ್ಷಗಳು. ಅದನ್ನು ಕುರಿತ ಒಡಂಬಡಿಕೆಯ ಆಯುಷ್ಯವು, ರುಜುವಾದಂದಿನಿಂದ ಮುರಿದಂದಿನವರೆಗೆ ಎಣಿಸಿದರೂ, ೨೫ ವರ್ಷಗಳು. ಅನುಕೂಲವಾದ ಕಾಲವು ಬಂದಾಗ ಸುಲಭವಾದ ಉಪಾಯವನ್ನು ಹಿಡಿದು ಶೀಘ್ರವಾಗಿ ಮುಗಿಸುವುದೇ ಇಂತಹ ಶೇಷಕ್ಕೆ ತಕ್ಕ ನೀತಿಯೆಂಬುದು ಈ ಎರಡು ಒಡಂಬಡಿಕೆಗಳ ಚರಿತ್ರೆಯಿಂದ ಸಿದ್ಧವಾಗುವ ಅರ್ಥ.